ಬದುವಿನ ಮೇಲೆ ಕಾಣುವ ಹಾಗೆ

ಹನಕೆರೆ ಸ್ಟೇಷನ್ನಿನಲ್ಲಿ ನಿಲ್ಲುವ ರೈಲಿಗಿಂತ ನಿಲ್ಲದೆ ಹೋಗುವ ರೈಲೇ ಜಾಸ್ತಿ. ನಿಲ್ಲದೆ ಹೋಗುವ ರೈಲಿನವರಿಗೆ ಹನಕೆರೆ ಎಂಬ ಊರು ಇರುವುದೇ ಗೊತ್ತಿರುವುದಿಲ್ಲ. ಕಿಟಕಿಯಾಚೆ ಒಂದು ಹಳದಿ ಬೋರ್ಡು ಸರ್ರನೆ ಸರಿಯಿತು, ಅಷ್ಟೇ. ಹಳಿಗೆ ಹತ್ತಿರದ ಮನೆಯೊಂದರ ಮಹಡಿ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಕೂತು ಅಮೃತ ಆ ಕಿಟಕಿಗಳ ಮುಖಗಳನ್ನು ನೋಡುತ್ತಿದ್ದಳು. ಇಷ್ಟು ಜನರಲ್ಲಿ ಒಬ್ಬರ ಕಣ್ಣಿಗಾದರೂ ತಾನು ಬಿದ್ದೆನೇ ಎಂದು ಯೋಚಿಸುತ್ತಿದ್ದಳು. ಯೋಚನೆ ಮುಗಿಯುವ ಹೊತ್ತಿಗೆ ರೈಲು ಮಂಡ್ಯ ಮುಟ್ಟಿರುತ್ತಿತ್ತು.

ಅವಳು ಕೊತ್ತತ್ತಿಯ ಚಲುವಮ್ಮನ ಮಗಳು. ಮಂಡ್ಯದಲ್ಲಿ ಬಿಸಿಎ ಓದಿ, ಅಲ್ಲೇ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸಕ್ಕಿದ್ದು, ಆಮೇಲೆ ಲೈನ್‌ಮನ್ ಪುನೀತನನ್ನು ಮದುವೆಯಾಗಿ ಹನಕೆರೆಗೆ ಬಂದವಳು. ಮಗಳು ದೀಪಿಕ ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದು ತೀರಿಕೊಂಡರು, ಮನೆಗೆ ಮಹಡಿ ಎದ್ದಿತು. ಆರೇಳು ವರ್ಷ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಊರಿನಲ್ಲಿ ಅವಳಿಗೆ ಹೆಸರಿಗೇನೂ ಬರವಿರಲಿಲ್ಲ: ಲೈನ್‌ಮನ್ ಹೆಂಡ್ತಿ, ದೀಪಿಕನ ಅವ್ವ, ಮಹಡಿ ಮನೆ ಸೊಸೆ. ಅಮೃತ ಎಂದು ಕರೆಯುತ್ತಿದ್ದವನು ಸಿಲಿಂಡರ್ ತಂದುಕೊಡುವವನೊಬ್ಬನೇ, ಅದೂ ರಸೀದಿ ನೋಡಿಕೊಂಡು.

ಇದಕ್ಕೆಲ್ಲ ಮೂಲೆಯಲ್ಲಿ ಕೂತು ಅಳುವ ಪೈಕಿಯವಳಲ್ಲ ಅಮೃತ. ಆದರೆ ಒಳಗೆ ಒಂದು ಭಯ ಇದ್ದದ್ದು ನಿಜ. ಇದು ನಾನು ಮಾಡಿದ್ದು ಎಂದು ತೋರಿಸುವುದಕ್ಕೆ ಒಂದೂ ಇಲ್ಲದೆ, ಆ ಹಳದಿ ಬೋರ್ಡಿನ ಹಾಗೆ ಎಲ್ಲರ ಕಣ್ಣೆದುರೇ ಸರಿದುಹೋಗುತ್ತೇನೇನೋ ಎಂಬ ಭಯ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಂಥ ಹೊತ್ತಿನಲ್ಲಿ ಸಿಕ್ಕಿದ್ದು ಓಪನ್ ಸೋರ್ಸ್ ತಂಡವೊಂದರ ಇಂಟರ್ನ್ ಕೆಲಸ, ಮನೆಯಲ್ಲೇ ಕೂತು ಕಲಿಯುತ್ತ ಮಾಡುವಂಥದ್ದು. ಕಾಲೇಜಿನ ಗೆಳತಿ ಪ್ರಿಯಾಂಕ ಫೋನು ಮಾಡಿ, "ಓದೋ ಮಕ್ಳಿಗೆ ಮಾತ್ರ ಅಲ್ಲ ಕಣೆ, ಕೆಲ್ಸ ಬುಟ್ಟು ಮನೇಲಿರೋರ್ನೂ ತಗತಾರಂತೆ, ಅರ್ಜಿ ಹಾಕ್ಬುಡು" ಎಂದಿದ್ದಳು. ಓಪನ್ ಸೋರ್ಸ್ ಎಂದರೆ ಬಾಗಿಲು ತೆರೆದಿಟ್ಟ ಸಾಫ್ಟ್‌ವೇರ್. ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ತಿದ್ದಿದ್ದು ಸರಿಯಿದೆಯೆಂದು ತಂಡದವರು ನೋಡಿ ಒಪ್ಪಿದರೆ ಅದು ಸೇರಿಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಯೂ ಫೋನಿನಲ್ಲಿ ತೆರೆಯುವ ಒಂದು ಮ್ಯಾಪ್ ಇದೆ, ಲೋಕದ ಮೂಲೆ ಮೂಲೆಯವರು ಬಿಡುವಿನಲ್ಲಿ ಕೂತು ಕಟ್ಟಿದ್ದು. ಆ ತಂಡ ಕೆಲವು ತಿಂಗಳ ಮಟ್ಟಿಗೆ ಅಮೃತಳನ್ನು ಆರಿಸಿಕೊಂಡಿತು. ಕೈಹಿಡಿದು ಕಲಿಸಲು ಒಬ್ಬ ಮೆಂಟರ್ ಕೊಟ್ಟಿತು. ಪೋರ್ಚುಗಲ್ಲಿನ ಇನೆಸ್ ಎಂಬ ಹೆಂಗಸು, ಮಾತು ಕಡಿಮೆ, ನಗು ಜಾಸ್ತಿ.

ಮೊದಲ ದಿನ ವಿಡಿಯೋದಲ್ಲಿ ಇನೆಸ್ ಒಂದು ಮಾತು ಒತ್ತಿ ಹೇಳಿದಳು. "ಏನೇ ಕೇಳುವುದಿದ್ದರೂ ನನ್ನೊಬ್ಬಳಿಗೆ ಬರೆಯಬೇಡ. ಎಲ್ಲರೂ ಇರುವ ಚಾಟ್‌ನಲ್ಲಿ ಬರಿ." ಅಮೃತ ತಲೆಯಾಡಿಸಿದಳು. ಎಲ್ಲರೂ ಇರುವ ಆ ಚಾಟ್‌ಗೆ ಮನಸ್ಸಿನಲ್ಲೇ ಪಡಸಾಲೆ ಎಂದು ಹೆಸರಿಟ್ಟಳು. ದಿನಾ ಬೆಳಿಗ್ಗೆ ಮಗಳನ್ನು ಸ್ಕೂಲ್ ವ್ಯಾನು ಹತ್ತಿಸಿ ಬಂದು ಪಡಸಾಲೆಯ ಬಾಗಿಲಲ್ಲಿ ನಿಂತು ಓದುತ್ತಿದ್ದಳು. ಕೀನ್ಯಾದ ಇಂಟರ್ನ್ ಒಬ್ಬಳು ಕಣ್ಣು ಕಾಣದವರಿಗೆ ಮ್ಯಾಪ್ ದಾರಿಯನ್ನು ಓದಿ ಹೇಳುವಂತೆ ಮಾಡುತ್ತಿದ್ದಳು. ಬ್ರೆಜಿಲ್ಲಿನವನೊಬ್ಬ ಹಳೇ ಡಬ್ಬಾ ಫೋನಿನಲ್ಲೂ ಅದು ಬೇಗ ತೆರೆಯುವಂತೆ ಮಾಡಿದ್ದ. ಕಲಿಯಲು ಬಂದವರು ಕಲಿಯುತ್ತ ಕಲಿಯುತ್ತಲೇ ಲೋಕಕ್ಕೆ ಬೇಕಾದದ್ದನ್ನು ಮಾಡಿ ಇಟ್ಟುಬಿಡುತ್ತಿದ್ದರು. ಅದನ್ನು ನೋಡಿ ಅಮೃತಳಿಗೆ ಮೈ ಜುಮ್ಮೆನ್ನುತ್ತಿತ್ತು. ಒಳಗೆ ಕಾಲಿಟ್ಟು ಮಾತಾಡಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಅವಳಿಗೆ ಬಂದ ಕೆಲಸ ನೀರಿನದು. ಆ ಮ್ಯಾಪಿನಲ್ಲಿ ನೀರೆಲ್ಲ ಒಂದೇ ಥರ ಕಾಣುತ್ತಿತ್ತು. ಕಾವೇರಿಯೂ ನೀಲಿ ಗೆರೆ, ವರ್ಷದಲ್ಲಿ ಅರ್ಧ ಕಾಲ ಮಕ್ಕಳು ಕ್ರಿಕೆಟ್ ಆಡುವ ಹಳ್ಳವೂ ನೀಲಿ ಗೆರೆ. ನೀರಿದೆಯೆಂದು ನಂಬಿ ದೂರ ನಡೆದು ಬಂದವರು ಒಣ ಮರಳು ನೋಡಿ ಬೈದುಕೊಂಡದ್ದೂ ಇತ್ತಂತೆ. ಸದಾ ಹರಿಯುವ ನೀರು ಒಂದೇ ಸಮನಾದ ಗೆರೆಯಾಗಿಯೂ, ಬಂದು ಹೋಗುವ ನೀರು ಬಿಟ್ಟು ಬಿಟ್ಟು ಎಳೆದ ಗೆರೆಯಾಗಿಯೂ ಕಾಣಬೇಕು ಎಂಬುದು ಅವಳ ಪಾಲಿನ ಕೆಲಸ. ಕೇಳಿದವರಿಗೆ ಇಷ್ಟೇನಾ ಅನ್ನಿಸುತ್ತದೆ. ಲೋಕದ ಅಷ್ಟೂ ನೀರಿಗೆ ಗೆರೆ ಎಳೆಯುವ ಆ ಕೋಡ್ ಎಂಥ ಗೋಜಲು ಎಂಬುದು ಒಳಹೊಕ್ಕವರಿಗೇ ಗೊತ್ತು.

ಆ ವಾರಗಳನ್ನು ಅಮೃತ ಅರ್ಧ ಕನಸಿನಲ್ಲೇ ಕಳೆದಳು. ಮಧ್ಯಾಹ್ನ ಊಟ ಮಾಡಿ ಲ್ಯಾಪ್‌ಟಾಪಿನ ಮುಂದೆ ಕೂತರೆ, ಕಾಣದ ದೇಶಗಳ ಹೊಳೆಗಳು ಒಂದೊಂದಾಗಿ ಪರದೆಯ ಮೇಲೆ ಇಳಿದು ಬರುತ್ತಿದ್ದವು. ಹೆಸರು ಓದಲು ಬಾರದ ಲಿಪಿಯ ಹೊಳೆಗಳು. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ನೀಲಿ ಹರಿಯುತ್ತಿತ್ತು. ಒಮ್ಮೊಮ್ಮೆ ಕೂತಲ್ಲೇ ತೂಕಡಿಸಿದಾಗ, ಕೊತ್ತತ್ತಿಯ ನಾಲೆ ಹಳಿ ದಾಟಿ, ಮೆಟ್ಟಿಲು ಹತ್ತಿ, ಸದ್ದಿಲ್ಲದೆ ಮಹಡಿ ಕೋಣೆಗೆ ಬಂದು ಅವಳ ಪಾದ ತೋಯಿಸುತ್ತಿತ್ತು. ರೈಲು ಬಂದು ಕಿಟಕಿಯ ಸರಳು ಅದುರಿದಾಗ ಎಚ್ಚರವಾಗಿ ಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಷ್ಟು ಸಂತೋಷವಾಗಿ ಇದ್ದದ್ದು ಅವಳಿಗೆ ನೆನಪಿರಲಿಲ್ಲ.

ಕೆಲಸ ಒಂದು ಹಂತಕ್ಕೆ ಬಂದಿತು. ತಾನು ತಿದ್ದಿದ್ದನ್ನು ತಂಡದವರು ನೋಡಲೆಂದು ಅಮೃತ ತೆರೆದಿಟ್ಟಳು. ಇನೆಸ್ "ನೋಡುತ್ತೇನೆ" ಎಂದು ಒಂದು ಸಾಲು ಬರೆದಳು. ಆಮೇಲೆ ಸುದ್ದಿಯಿಲ್ಲ. ಅಮೃತಳದಕ್ಕಿಂತ ಮೊದಲು ಬಂದ ಬೇರೆಯವರ ತಿದ್ದುಪಡಿಗಳು ಸಾಲಾಗಿ ಕಾದಿದ್ದವು. ಮೇಲಿನವರದು ಮುಗಿಯಲಿ, ನನ್ನ ಸರದಿ ಬಂದೇ ಬರುತ್ತದೆ ಎಂದು ಅವಳು ಸುಮ್ಮನೆ ಕೂತಳು. ಪಡಸಾಲೆಯಲ್ಲಿ ಒಂದಕ್ಷರ ಬರೆಯಲಿಲ್ಲ. ಕೇಳಬಾರದು ಎಂದೇ ಅವಳು ಬೆಳೆದದ್ದು.

ಅದು ಹೇಗೆಂದರೆ, ಕೊತ್ತತ್ತಿಯಲ್ಲಿ ಅವಳ ತವರಿನ ಗದ್ದೆ ಇರುವುದು ಮರಿನಾಲೆಯ ಕಟ್ಟಕಡೆಯಲ್ಲಿ. ನಾಲೆಗೆ ನೀರು ಬಿಟ್ಟಾಗ ಮೇಲಿನ ಗದ್ದೆಯಿಂದ ಶುರುವಾಗಿ ಒಬ್ಬರಾದ ಮೇಲೆ ಒಬ್ಬರು ನೀರು ಹಾಯಿಸಿಕೊಳ್ಳಬೇಕು. ತನ್ನ ಗದ್ದೆ ತುಂಬಿದವರು ತೂಬಿನ ಪಕ್ಕ ಒಂದು ಹೊಂಗೆ ಕೊಂಬೆ ನೆಟ್ಟು ಹೋದರೆ, ನನ್ನದು ಮುಗಿಯಿತು, ಮುಂದಿನವರು ಬನ್ನಿ ಎಂದು ಅರ್ಥ. ನಿಂದು ಮುಗೀತಾ ಎಂದು ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಕೇಳಿದರೆ, ನೀನು ಜಾಸ್ತಿ ಕುಡಿಸ್ತಿದ್ದೀಯ, ಕಳ್ಳ ನೀನು ಎಂದಂತೆ. ಇಂಥ ಒಂದು ಮಾತಿಗೆ ಅಣ್ಣತಮ್ಮಂದಿರು ಗುದ್ದಲಿ ಎತ್ತಿಕೊಂಡದ್ದನ್ನು ಊರು ನೋಡಿದೆ. ಅಮೃತಳ ಅಪ್ಪ ಅವಳು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದ. ಗಂಡು ದಿಕ್ಕಿಲ್ಲದ ಮನೆಯ ಚಲುವಮ್ಮ ಕೊನೆಯ ಗದ್ದೆಗೆ ನೀರು ಹಾಯಿಸಿ ಮಗಳನ್ನು ಸಾಕಿದ್ದು ಬಾಯಿ ಬಿಡದೆಯೇ. ಅದೇ ಮರ್ಯಾದೆ, ಅದೇ ಜಾಣತನ ಎಂದು ಮಗಳು ತಿಳಿದಿದ್ದಳು.

ಹೀಗೆ ಕಾದಿರುವಾಗ ಒಂದು ದಿನ ಅವಳ ತಿದ್ದುಪಡಿಯ ಕೆಳಗೆ ಒಂದು ಸಾಲು ಮೂಡಿತು. ಬರೆದದ್ದು ಮನುಷ್ಯರಲ್ಲ, ತಂಡದವರು ಕಾವಲಿಗೆ ಇಟ್ಟಿದ್ದ ಒಂದು ಯಂತ್ರ. ಬಹಳ ದಿನದಿಂದ ಇಲ್ಲಿ ಯಾವ ಚಲನೆಯೂ ಇಲ್ಲ, ಮಾಡಿದವರು ಕೈಬಿಟ್ಟಂತಿದೆ, ಇದನ್ನು ಮುಚ್ಚಲಾಗುವುದು ಎಂದು. ಅದರ ಬೆನ್ನಿಗೇ ಇನೆಸ್‌ಳ ಮೇಲ್. "ಅಮೃತ, ನಿನ್ನಿಂದ ಒಂದು ಮಾತೂ ಇಲ್ಲ. ಎಲ್ಲಿದ್ದೀಯ ಎಂದೇ ತಿಳಿಯುತ್ತಿಲ್ಲ. ಅರ್ಧ ಅವಧಿಯ ತೀರ್ಮಾನವನ್ನು ಶುಕ್ರವಾರ ಕಳಿಸಬೇಕು. ನನಗೆ ಈಗ ಕಾಣುತ್ತಿರುವಷ್ಟರಲ್ಲಿ ನಿನ್ನನ್ನು ಮುಂದುವರಿಸಿ ಎಂದು ಹೇಳಲಾರೆ." ಬೇಡ ಎಂದು ಇನೆಸ್ ಬರೆದರೆ ಕೆಲಸ ಅಲ್ಲಿಗೇ ಮುಗಿದು ಮನೆಗೆ ಹೋಗಬೇಕು. ಅಮೃತ ಮನೆಯಲ್ಲೇ ಇದ್ದಳು ಬಿಡಿ, ಅದೇ ಅವಳ ಸಂಕಟ.

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಮಂಡ್ಯದ ಕಡೆಯವರ ಕೋಪ ಗೊತ್ತಲ್ಲ, ನೆತ್ತಿಗೇರಿದರೆ ಇಂಗ್ಲಿಷು ಹತ್ತಿರ ಸುಳಿಯುವುದಿಲ್ಲ. "ನಿನ್ ಗದ್ದೆ ಯಾವಾಗ್ ತುಂಬುತ್ತೆ ಅಂತ ಕೇಳಕೆ ನಾನೇನ್ ಮಾನ ಬುಟ್ಟೋಳಾ?" ಎಂದು ಕನ್ನಡದಲ್ಲೇ ಬರೆದಳು. ಪೋರ್ಚುಗಲ್ಲಿನ ಹೆಂಗಸು ಇದನ್ನು ಓದುತ್ತ ಕೂರುವುದನ್ನು ನೆನೆದು ಅಳಿಸಿದಳು.

ಸಂಜೆ ಕೆಲಸದಿಂದ ಬಂದ ಪುನೀತ ಎಲ್ಲ ಕೇಳಿಸಿಕೊಂಡು, ಹೆಲ್ಮೆಟ್ಟನ್ನು ಮೊಳೆಗೆ ಸಿಕ್ಕಿಸುತ್ತ, "ಅಲ್ಲ ಕಣಮ್ಮಿ, ಕಂಬ ಅತ್ತಕ್ ಮುಂಚೆ ನಾನು ಕೂಗಾಕಿಲ್ವಾ, ಲೈನ್ ಆಫ್ ಮಾಡಿದ್ದೀಯೇನ್ಲಾ ಅಂತ? ನೀನೂ ಒಂದ್ ಕೂಗ್ ಆಕೋದಲ್ವಾ?" ಎಂದ.

"ನೀವು ಕಂಬದ್ ಮೇಲಿರ್ತೀರ, ಊರ್ಗೆಲ್ಲ ಕಾಣ್ತೀರ. ಕೂಗಿದ್ರೆ ಯಾರೋ ಒಬ್ರು ತಿರುಗ್ ನೋಡ್ತಾರೆ" ಎಂದು ಅವಳು ಸಿಡುಕಿದಳು. "ನನ್ನ ಕೂಗು ಯಾರ್ ಕೇಳ್ತಾರೆ, ಸುಮ್ನಿರಿ."

ಅವಳ ಭಯ ಪುನೀತನಿಗೆ ಆವತ್ತು ಮೊದಲ ಸಲ ಕಂಡಿತೋ ಏನೋ, ಟೀಯನ್ನು ತಾನೇ ಮಾಡಿಕೊಂಡು ಅವಳಿಗೂ ಒಂದು ಲೋಟ ತಂದಿಟ್ಟ. "ನಾಳಿಕೆ ನಿಮ್ಮವ್ವನ್ ತಾವ್ ಓಗ್ಬಾ. ಪಾಪೂನ ನಾನ್ ನೋಡ್ಕತೀನಿ" ಎಂದ.

ಮಂಡ್ಯದಲ್ಲಿ ಬಸ್ಸು ಬದಲಿಸಿ ಅಮೃತ ಕೊತ್ತತ್ತಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆಗೆ ಬೀಗ. ನಾಲೆಗೆ ನೀರು ಬಿಟ್ಟಿದ್ದಾರೆ, ನಿಮ್ಮವ್ವ ಗದ್ದೆ ಕಡೆ ಹೋದಳು ಎಂದು ಪಕ್ಕದ ಮನೆಯವರು ಹೇಳಿದರು. ಅವಳು ಕಬ್ಬಿನ ನಡುವಿನ ದಾರಿ ಹಿಡಿದಳು. ಗರಿಗಳು ಒಂದಕ್ಕೊಂದು ತಾಗಿ ಸುಯ್ ಎನ್ನುತ್ತಿದ್ದವು. ಎಷ್ಟೋ ಸಲ ಅವ್ವನಿಗೆ ಬುತ್ತಿ ಹೊತ್ತು ನಡೆದ ದಾರಿ. ನಡೆಯುತ್ತಲೇ ನಿದ್ದೆ ಬಂದಂತಾಗಿ, ತಾನು ಈಗ ಎಷ್ಟು ವರ್ಷದವಳು ಎಂಬುದೇ ಮರೆತಂತಾಯಿತು.

ಕಬ್ಬು ಮುಗಿದಲ್ಲಿ ಗದ್ದೆ ಬಯಲು. ಅಷ್ಟು ದೂರದಿಂದಲೇ ಅವ್ವ ಕಂಡಳು. ಬದುವಿನ ಮೇಲೆ, ಉರಿಬಿಸಿಲಿನಲ್ಲಿ, ತಲೆಗೆ ಕೆಂಪು ಟವೆಲ್ಲು ಸುತ್ತಿಕೊಂಡು ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. ಕೂಗಳತೆಯಲ್ಲಿ ದೊಡ್ಡ ಹೊಂಗೆ ಮರ, ಅದರ ಕೆಳಗೆ ಚಾಪೆ ಹಾಸಿದಂಥ ನೆರಳು.

"ಅವ್ವಾ, ನಿಂಗೇನ್ ತಲೆ ಕೆಟ್ಟಿದ್ದದಾ? ಅಷ್ಟ್ ದೊಡ್ಡ ನೆಳ್ಳು ಬುಟ್ಟು ಇಲ್ ಕುಂತಿದ್ದೀಯಲ್ಲ" ಎಂದು ಅಮೃತ ಬಂದವಳೇ ಬೈದಳು.

ಚಲುವಮ್ಮ ಮಗಳ ಮುಖ ನೋಡಿ ನಕ್ಕಳು. ಬಂದ ಕಾರಣ ಕೇಳಲಿಲ್ಲ, ಕೂರಲು ಬದುವಿನ ಮೇಲೆ ಜಾಗ ಸವರಿದಳು. "ಮರದ್ ಕೆಳೀಕ್ ಕುಂತ್ರೆ ಮೇಲ್ಗದ್ದೆ ಸಿವಣ್ಣನ್ ಕಣ್ಗೆ ನಾನ್ ಬೀಳ್ತೀನಾ? ಯಾರೂ ಇಲ್ಲ ಅನ್ಕಂಡು ಅವ್ನು ನೀರ್ನ ಅತ್ಲಾಗ್ ತಿರುಗ್ಸುದ್ರೆ ಯಾರ್ ತಪ್ಪು?"

"ಒಂದ್ ಕೂಗ್ ಆಕ್ಬೌದಲ್ಲವ್ವಾ."

"ಥೂ, ಬುಡು. ಕೂಗದ್ಯಾಕೆ? ಕಾಣಂಗ್ ಕುಂತ್ರಾಯ್ತು ಕಣಮ್ಮ. ಅವ್ನೂ ಒಂದೊಂದ್ ಕಿತ ತಲೆಯೆತ್ತಿ ನೋಡ್ತನೆ ಇರ್ತಾನೆ."

ಅಮೃತ ಅವ್ವನ ಪಕ್ಕ ಕೂತಳು. ಮೇಲ್ಗದ್ದೆಯಲ್ಲಿ ಶಿವಣ್ಣ ಗುದ್ದಲಿಗೆ ಒರಗಿ ನಿಂತಿದ್ದ. ಅವನು ಇತ್ತ ತಿರುಗಿ ಒಂದು ಸಲ ನೋಡಿದ, ಮತ್ತೆ ತನ್ನ ನೀರಿನ ಕಡೆ ತಿರುಗಿದ. ಮಾತಿಲ್ಲ, ಕೈಸನ್ನೆಯಿಲ್ಲ. ಆದರೂ ಕೇಳಿದ್ದಾಯಿತು, ಹೇಳಿದ್ದಾಯಿತು.

ಬುತ್ತಿ ತಂದಾಗಲೆಲ್ಲ ಅವ್ವ ಹೀಗೇ ಬಿಸಿಲಲ್ಲಿ ಕೂತಿರುತ್ತಿದ್ದಳು. ದಣಿದು ಕೂತಿದ್ದಾಳೆ ಎಂದೇ ಮಗಳು ಇಷ್ಟು ವರ್ಷ ತಿಳಿದಿದ್ದಳು. ಅವ್ವನಿಂದ ಕಲಿತದ್ದು ಅರ್ಧ ಮಾತ್ರ. ಬಾಯಿ ಬಿಡದಿರುವುದನ್ನು ಕಲಿತಿದ್ದಳು, ಬದುವಿನ ಮೇಲೆ ಕೂರುವುದನ್ನು ಕಲಿತಿರಲಿಲ್ಲ. ಮಹಡಿ ಕೋಣೆಯ ತಂಪಿನಲ್ಲಿ, ಪಡಸಾಲೆಯ ಬಾಗಿಲ ಮರೆಯಲ್ಲಿ ನಿಂತು ಸರದಿ ಬರಲೆಂದು ಕಾದಿದ್ದಳು. ಅಲ್ಲಿ ಅವಳು ಇನೆಸ್‌ಗೆ ಕಾಣುವುದಾದರೂ ಹೇಗೆ? ಅಮೃತಳಿಗೆ ನಗು ಬಂದಿತು. ನಗುತ್ತಿದ್ದ ಹಾಗೇ ಕಣ್ಣು ತುಂಬಿಕೊಂಡವು.

"ಏನಾಯ್ತಮ್ಮಿ?" ಎಂದಳು ಚಲುವಮ್ಮ.

"ಏನಿಲ್ಲ ಕಣವ್ವ. ನಾನ್ ಇಷ್ಟ್ ದಿನ ಮರದ್ ಕೆಳಗ್ ಕುಂತಿದ್ದೆ."

ಅಲ್ಲೇ ಬದುವಿನ ಮೇಲೆ ಕೂತು ಫೋನು ತೆಗೆದಳು. ಕೂತ ಅವ್ವನದೊಂದು ಫೋಟೋ ಹಿಡಿದಳು. ಪಡಸಾಲೆಗೆ, ಎಲ್ಲರೂ ಓದುವ ಕಡೆ, ಮೊದಲ ಸಲ ಬರೆದಳು. "ನಾನು ಅಮೃತ. ನಾನು ಎಲ್ಲಿಗೂ ಹೋಗಿಲ್ಲ. ನನ್ನ ತಿದ್ದುಪಡಿಯನ್ನು ನೀವು ನೋಡಲಿ ಎಂದು ಕಾಯುತ್ತಿದ್ದೇನೆ. ಫೋಟೋದಲ್ಲಿ ಇರುವುದು ನನ್ನ ಅವ್ವ. ನಮ್ಮ ಊರಿನಲ್ಲಿ ನೀರಿನ ಸರದಿಗೆ ಕಾಯುವವರು ಕೇಳುವುದಿಲ್ಲ, ಮೇಲಿನ ಗದ್ದೆಯವರಿಗೆ ಕಾಣುವ ಹಾಗೆ ಕೂರುತ್ತಾರೆ. ನಾನೂ ಕೇಳಲಿಲ್ಲ. ಆದರೆ ಕಾಣುವ ಹಾಗೆ ಕೂರುವುದನ್ನು ಮರೆತೆ. ಈಗ ಕೂತಿದ್ದೇನೆ." ಕಳಿಸಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

ಶಿವಣ್ಣ ತೂಬಿನ ಪಕ್ಕ ಹೊಂಗೆ ಕೊಂಬೆ ನೆಟ್ಟು, ಗುದ್ದಲಿ ಹೆಗಲಿಗೇರಿಸಿ ಊರ ಕಡೆ ನಡೆದ. ಚಲುವಮ್ಮ ಎದ್ದು ಸೀರೆ ಎತ್ತಿ ಕಟ್ಟಿ ಮಣ್ಣು ಸರಿಸಿದಳು. ನೀರು ಒಂದು ಕ್ಷಣ ಅನುಮಾನಿಸಿ ನಿಂತು, ಆಮೇಲೆ ನಾಲಿಗೆ ಚಾಚಿ ಒಣ ನೆಲವನ್ನು ನೆಕ್ಕುತ್ತ ಒಳಗೆ ಬಂದಿತು. ಅಮೃತ ಚಪ್ಪಲಿ ಬಿಟ್ಟು ಕಾಲಿಳಿಸಿದಳು. ಕನಸಿನಲ್ಲಿ ಪಾದ ತೋಯಿಸುತ್ತಿದ್ದುದು ಇದೇ ನೀರು, ಇಷ್ಟೇ ತಣ್ಣಗೆ.

ಗದ್ದೆ ಅರ್ಧ ತುಂಬುವ ಹೊತ್ತಿಗೆ ಫೋನು ಸದ್ದು ಮಾಡಿತು. ಇನೆಸ್ ಬರೆದಿದ್ದಳು. "ನೀನು ಬಿಟ್ಟುಹೋದೆ ಎಂದುಕೊಂಡಿದ್ದೆ. ಮೇಲಿನ ಗದ್ದೆಯವಳು ನಾನು. ಒಮ್ಮೆಯಾದರೂ ತಲೆಯೆತ್ತಿ ನೋಡಬೇಕಿತ್ತು. ನಿನ್ನ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಇಗೋ, ಈಗ ನೋಡಲು ಕೂತೆ." ಅದರ ಕೆಳಗೆ ಮೊರಾಕ್ಕೊದ ಗುಡ್ಡಗಾಡಿನವನೊಬ್ಬ ಬರೆದಿದ್ದ: ನಮ್ಮ ಹಳ್ಳಿಯಲ್ಲೂ ನೀರಿಗೆ ಸರದಿ ಇದೆ, ನಾನೂ ಕಾದು ಕೂತು ಬೆಳೆದವನು. ಇಷ್ಟು ಅಕ್ಕರೆಯ ಮಾತಾಡಿ, ಅದೇ ಉಸಿರಿನಲ್ಲಿ ಅವಳ ಕೆಲಸದ ತಪ್ಪೊಂದನ್ನೂ ಎತ್ತಿ ತೋರಿಸಿದ್ದ. ಮ್ಯಾಪನ್ನು ಚಿಕ್ಕದು ಮಾಡಿದರೆ ಅವಳ ಗೆರೆಗಳು ಪೂರ್ತಿ ಮಾಯವಾಗುತ್ತಿದ್ದವು. ಅಮೃತ ಓದಿ ಹಲ್ಲು ಕಚ್ಚಿದಳು. ಮಾಯವಾಗುವುದಂತೆ! ಅದೊಂದನ್ನು ಮಾತ್ರ ಅವಳು ಬಿಡುವವಳಲ್ಲ.

ಹನಕೆರೆಗೆ ಮರಳಿದವಳು ಪಡಸಾಲೆಯಲ್ಲೇ ಬೀಡುಬಿಟ್ಟಳು. ಅರ್ಥವಾಗದ್ದನ್ನು ಎಲ್ಲರೆದುರು ಕೇಳಿದಳು, ದಡ್ಡ ಪ್ರಶ್ನೆಗಳನ್ನೂ ಕೇಳಿದಳು. ಕೀನ್ಯಾದವಳು ಒಂದು ದಾರಿ ಹೇಳಿದಳು, ಅದು ಹೊಂದಲಿಲ್ಲ. ಬ್ರೆಜಿಲ್ಲಿನವನ ಉಪಾಯ ಅರ್ಧ ಹೊಂದಿತು, ಉಳಿದರ್ಧವನ್ನು ಅಮೃತ ತಾನೇ ಕಂಡುಕೊಂಡಳು. ಮ್ಯಾಪು ಎಷ್ಟೇ ಚಿಕ್ಕದಾದರೂ ಗೆರೆಗಳು ತೆಳ್ಳಗೆ ಉಳಿದುಕೊಂಡವು. ಶುಕ್ರವಾರ ಇನೆಸ್ ಕಳಿಸಿದ ತೀರ್ಮಾನದಲ್ಲಿ ಇದ್ದದ್ದು ಒಂದೇ ಸಾಲು: ಮುಂದುವರಿಯಲಿ, ಇವಳು ನಮಗೆ ಕಾಣುತ್ತಿದ್ದಾಳೆ. ಅಮೃತ ಅದನ್ನು ಪುನೀತನಿಗೆ ಕನ್ನಡದಲ್ಲಿ ಎರಡೆರಡು ಸಲ ಓದಿ ಹೇಳಿದಳು.

ಅವಧಿ ಮುಗಿಯುವ ಹೊತ್ತಿಗೆ ಅವಳ ತಿದ್ದುಪಡಿ ಸೇರಿಕೊಂಡ ಹೊಸ ಮ್ಯಾಪು ಹೊರಬಂದಿತು. ಕಾಣದ ದೇಶಗಳ ಬಂದು ಹೋಗುವ ಹೊಳೆಗಳೆಲ್ಲ ತಮ್ಮ ನಿಜರೂಪದಲ್ಲಿ ಕಾಣಿಸಿಕೊಂಡವು. ಮೊರಾಕ್ಕೊದವನು ತನ್ನ ಹಳ್ಳಿಯ ಕಾಲುವೆಯ ಚಿತ್ರ ಕಳಿಸಿ, ನಿನ್ನ ಗೆರೆ ಇಲ್ಲಿಗೂ ತಲುಪಿತು ಎಂದು ಬರೆದ. ಅಮೃತ ಕೊತ್ತತ್ತಿಗೆ ಹೋಗಿ ಅವ್ವನ ಕೈಗೆ ಫೋನು ಕೊಟ್ಟಳು. ಊರು, ದಾರಿ, ಮರಿನಾಲೆ ಎಲ್ಲ ತೋರಿಸಿದಳು.

ಚಲುವಮ್ಮ ಫೋನನ್ನು ಕೈಯಳತೆ ದೂರ ಹಿಡಿದು ಕಣ್ಣು ಕಿರಿದು ಮಾಡಿದಳು. "ಇದ್ಯಾಕಿಂಗ್ ತುಂಡ್ ತುಂಡಾಗ್ ಬರ್ದಿದ್ದೀಯ?"

"ನೀರು ಬಂದ್ ಬಂದ್ ಓಯ್ತದಲ್ಲವ್ವಾ, ಅದುಕ್ಕೆ."

"ಮಧ್ಯ ಮಧ್ಯ ಕಾಲಿ ಬುಟ್ಟಿದ್ದೀಯಲ್ಲ, ಅದೇನು?"

ಅಮೃತ ಆ ಖಾಲಿ ಜಾಗಗಳನ್ನು ನೋಡಿದಳು. ಅಷ್ಟು ತಿಂಗಳು ಗೆರೆಗಳನ್ನೇ ನೋಡುತ್ತಿದ್ದವಳಿಗೆ ಅದು ಹೊಳೆದಿರಲಿಲ್ಲ. "ಅದು ನೀನ್ ಕಾಯ್ಕಂಡ್ ಕುಂತಿರೋದು ಕಣವ್ವ" ಎಂದಳು.

ಚಲುವಮ್ಮ ಬೆರಳು ಒದ್ದೆಯಿದೆಯೆಂದು ಸೆರಗಿಗೆ ಒರೆಸಿಕೊಂಡು, ಒಂದು ಖಾಲಿ ಜಾಗದ ಮೇಲೆ ಮೆಲ್ಲಗೆ ಇಟ್ಟಳು.

ಈಗ ಅಮೃತ ಆ ತಂಡದಲ್ಲೇ ಇದ್ದಾಳೆ. ಹೊಸ ಇಂಟರ್ನ್‌ಗಳು ಬಂದಾಗ ಅವರು ತಿದ್ದಿದ್ದನ್ನು ನೋಡಿಕೊಡುವ ಕೆಲಸ ಅವಳದು. ಹನಕೆರೆಯವರು ಈಗಲೂ ಲೈನ್‌ಮನ್ ಹೆಂಡ್ತಿ ಎಂದೇ ಕರೆಯುತ್ತಾರೆ, ಅವಳೂ ಓ ಎನ್ನುತ್ತಾಳೆ.

ಮೊನ್ನೆ ಒಂದು ಮಧ್ಯಾಹ್ನ ಪಡಸಾಲೆಯನ್ನು ಓದುತ್ತಿದ್ದವಳ ಕಣ್ಣು ಹೊಸದೊಂದು ಹೆಸರಿನ ಮೇಲೆ ನಿಂತಿತು. ನೇಪಾಳದ ಹುಡುಗಿ. ಬಂದ ದಿನ ನಮಸ್ಕಾರ ಎಂದವಳು ಆಮೇಲೆ ಒಂದು ಮಾತೂ ಆಡಿರಲಿಲ್ಲ. ಹೆಸರಿನ ಪಕ್ಕದ ಹಸಿರು ಚುಕ್ಕೆ ಮಾತ್ರ ದಿನಾ ಬೆಳಿಗ್ಗೆ ಹತ್ತಿಕೊಂಡು ಸಂಜೆ ಆರುತ್ತಿತ್ತು. ಅವಳು ತಿದ್ದಿ ಇಟ್ಟದ್ದು ಸಾಲಿನ ಕೊನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿತ್ತು.

ಅಮೃತ ಬರೆದಳು: "ಕಾಯುತ್ತಿದ್ದೀಯಾ? ನೀನು ನನಗೆ ಕಾಣುತ್ತಿದ್ದೀಯ."

ಉತ್ತರ ತಕ್ಷಣ ಬಂದಿತು. "ಹೌದು."

ಕಿಟಕಿಯ ಸರಳು ಅದುರಿತು. ನಿಲ್ಲದ ರೈಲೊಂದು ಹಳದಿ ಬೋರ್ಡು ದಾಟಿ ಮಂಡ್ಯದ ಕಡೆ ಹೋಯಿತು. ಅಮೃತ ತಲೆಯೆತ್ತಿ ನೋಡಲಿಲ್ಲ. ಆ ಹುಡುಗಿ ಬರೆದದ್ದನ್ನು ತೆರೆದು ಮೊದಲ ಸಾಲಿನಿಂದ ಓದತೊಡಗಿದ್ದಳು.